ಎಲ್ಲ ಪುಸ್ತಕಗಳಿಗೂ ಒಂದೇ ಕೊಳಗವೇ?

ಜೋಳವನ್ನು ಕೊಳಗದಿಂದ ಅಳೆಯುತ್ತಿದ್ದೆವು, ಅರಿವೆಯನ್ನು ಮೊಳದಿಂದ, ಬಂಗಾರವನ್ನು ತೊಲದಿಂದ. ಕೊಳಗ ಹಿಡಿದುಕೊಂಡು ಅರಿವೆಯಂಗಡಿಗೆ ಹೋದವನನ್ನು ಕಂಡರೆ ಎಳೆಯ ಮಕ್ಕಳೂ ನಕ್ಕಾರು. ಆದರೆ ಪುಸ್ತಕಗಳ ಮಾತು ಬಂದಾಗ ತಿಳಿದವರೆನಿಸಿಕೊಂಡವರೂ ಒಂದೇ ಕೊಳಗವನ್ನು ಹಿಡಿದು ಎಲ್ಲವನ್ನೂ ಅಳೆಯಲು ಹೊರಡುತ್ತಾರೆ. ಶಾಸ್ತ್ರಗ್ರಂಥಗಳಲ್ಲಿ ಪಳಗಿದ ಹಿರಿಯರು ಕಾದಂಬರಿಯನ್ನು ಕಾಲಹರಣವೆಂದು ತಳ್ಳಿಹಾಕುತ್ತಾರೆ. ಕಾದಂಬರಿಯನ್ನು ಮೆಚ್ಚಿದ ಪದವೀಧರರು ಪುರಾಣವನ್ನು ಕಟ್ಟುಕಥೆಯೆಂದು ಬದಿಗಿಡುತ್ತಾರೆ. ವಿಜ್ಞಾನವನ್ನು ಕಲಿತ ತರುಣನಿಗೆ ಕಾವ್ಯವು ಬರಿಯ ಉತ್ಪ್ರೇಕ್ಷೆಯಾಗಿ ತೋರುತ್ತದೆ. ಪತ್ತೇದಾರಿ ಕಥೆ ಓದುವವನನ್ನಂತೂ ಈ ಮೂವರೂ ಕೂಡಿಯೇ ಹಗುರವಾಗಿ ಕಾಣುತ್ತಾರೆ.

ಇದು ಕೇವಲ ಪಂಡಿತರ ವಾದವಾಗಿದ್ದರೆ ಕುಟುಂಬದವರೆಲ್ಲ ಓದುವ ಈ ಪುಟಗಳಲ್ಲಿ ಅದನ್ನು ಎತ್ತುವ ಅಗತ್ಯವಿರಲಿಲ್ಲ. ಇದು ಮನೆಯ ಮಾತು. ಹಿರಿಯರ ಕಣ್ಣು ತಪ್ಪಿಸಿ, ದಿಂಬಿನ ಕೆಳಗೆ ಕಾದಂಬರಿಯನ್ನು ಬಚ್ಚಿಟ್ಟುಕೊಂಡು ಓದಿದ ಹೆಣ್ಣುಮಕ್ಕಳು ನಮ್ಮ ಮನೆತನಗಳಲ್ಲಿ ಎಷ್ಟೋ ಜನ. ಅಜ್ಜನವರು ಲಿಂಗೈಕ್ಯರಾದ ವರ್ಷವೇ ಅವರ ಷಟ್ಪದಿ ಗ್ರಂಥಗಳನ್ನು ರದ್ದಿಯ ತೂಕಕ್ಕೆ ಹಾಕಿದ ಮೊಮ್ಮಕ್ಕಳೂ ಕಡಿಮೆಯಿಲ್ಲ. ಮೇಲ್ನೋಟಕ್ಕೆ ಇವೆರಡೂ ಬೇರೆ ಬೇರೆ ಸಂಗತಿಗಳಾಗಿ ಕಂಡರೂ ಮೂಲ ಒಂದೇ. ತನಗೆ ಪ್ರಿಯವಾದ ಪುಸ್ತಕದ ಅಳತೆಯಿಂದ ಇನ್ನೊಬ್ಬರ ಪುಸ್ತಕವನ್ನು ಅಳೆದುದರ ಫಲವಿದು. ಆದಕಾರಣ ಓದುಗರು ಯಾವ ಬಗೆಯ ಪುಸ್ತಕದಲ್ಲಿ ಯಾವ ಗುಣಕ್ಕೆ ಬೆಲೆ ಕೊಡುತ್ತಾರೆ, ಆ ಗುಣಗಳೆಲ್ಲದರ ತಳದಲ್ಲಿ ಸಮಾನವಾದುದು ಏನಾದರೂ ಉಂಟೇ ಎಂಬುದನ್ನು ಇಲ್ಲಿ ವಿಚಾರಿಸೋಣ.

ಗುರುಶಿಷ್ಯರ ನಡುವಿನ ವ್ಯಾಜ್ಯ

ಈ ವ್ಯಾಜ್ಯವು ಇಂದು ನಿನ್ನೆಯದಲ್ಲ. ಹಂಪೆಯ ಹರಿಹರನಿಗೂ, ಆತನ ಸೋದರಳಿಯನೂ ಶಿಷ್ಯನೂ ಆದ ರಾಘವಾಂಕನಿಗೂ ನಡೆಯಿತೆನ್ನಲಾದ ಪ್ರಸಂಗವನ್ನು ನಮ್ಮ ಓದುಗರಲ್ಲಿ ಅನೇಕರು ಕೇಳಿರಬಹುದು. ಹರಿಹರನು ಶಿವನನ್ನೂ ಶಿವಶರಣರನ್ನೂ ಬಿಟ್ಟು ಅನ್ಯರನ್ನು ಹಾಡೆನೆಂಬ ವ್ರತವನ್ನು ತೊಟ್ಟವನು. ರಾಘವಾಂಕನು ಹರಿಶ್ಚಂದ್ರನೆಂಬ ಅರಸನ ಕಥೆಯನ್ನು ಕಾವ್ಯವಾಗಿಸಿ ತಂದಾಗ ಗುರುವು ಮೆಚ್ಚಲಿಲ್ಲ. ಇದು ನರಸ್ತುತಿಯೆಂದು ಕೆರಳಿ ಹೊಡೆದನೆಂದೂ, ಶಿಷ್ಯನ ಹಲ್ಲುಗಳು ಉದುರಿದವೆಂದೂ, ಶರಣರ ಚರಿತ್ರೆಗಳನ್ನು ರಚಿಸಿದ ಬಳಿಕ ಅವು ಮರಳಿ ಮೂಡಿದವೆಂದೂ ಐತಿಹ್ಯ ಹೇಳುತ್ತದೆ.

ಇದನ್ನು ನಡೆದ ಚರಿತ್ರೆಯೆಂದು ಹಿಡಿಯಬೇಕಾಗಿಲ್ಲ. ಐತಿಹ್ಯದ ಒಳಗಿರುವ ತಿಳಿವಳಿಕೆಯನ್ನು ಮಾತ್ರ ನೋಡೋಣ. ಹರಿಹರನ ಅಳತೆಗೋಲು ಭಕ್ತಿ. ಆ ಅಳತೆಯಲ್ಲಿ ಆತನ ರಗಳೆಗಳಿಗೆ ಸಾಟಿಯಿಲ್ಲ. ಹರಿಶ್ಚಂದ್ರ ಕಾವ್ಯವನ್ನು ಕೈಗೆತ್ತಿಕೊಂಡ ಓದುಗನಾದರೋ ಬೇರೊಂದನ್ನು ಬಯಸಿ ಬಂದವನು. ರಾಜ್ಯವನ್ನು ಕಳೆದುಕೊಂಡು, ಮಡದಿ ಮಗನನ್ನು ಮಾರಿ, ಸುಡುಗಾಡನ್ನು ಕಾಯುವ ಮನುಷ್ಯನೊಬ್ಬನು ಕೊಟ್ಟ ಮಾತಿಗೆ ಎಷ್ಟರಮಟ್ಟಿಗೆ ನಿಲ್ಲಬಲ್ಲನೆಂಬುದೇ ಆ ಓದುಗನ ಕುತೂಹಲ. ಹಾವು ಕಚ್ಚಿ ಸತ್ತ ಮಗನ ಶವದ ಮುಂದೆ ಚಂದ್ರಮತಿ ಗೋಳಿಡುವಾಗ, ಸುಡುಗಾಡಿನ ಕಾವಲುಗಾರನಾದ ಗಂಡನೇ ಅವಳಿಂದ ತೆರೆಯನ್ನು ಕೇಳುವ ಸನ್ನಿವೇಶವು ಸುಮಾರು 800 ವರ್ಷಗಳಿಂದ ಕನ್ನಡಿಗರ ಕಣ್ಣನ್ನು ತೋಯಿಸುತ್ತ ಬಂದಿದೆ. ಅದೇ ಕವಿಯ ಸಿದ್ಧರಾಮ ಚಾರಿತ್ರವನ್ನು ಓದುವವರು ಕೆರೆ ಕಟ್ಟಿಸಿದ ಸೊನ್ನಲಿಗೆಯ ಯೋಗಿಯನ್ನು ಕಾಣಬಯಸುತ್ತಾರೆ. ಅಲ್ಲಿ ಅವರಿಗೆ ಬೇಕಾದುದು ಶರಣನ ದರ್ಶನ. ಒಂದೇ ಕೈಯಿಂದ ಬಂದ ಎರಡು ಕೃತಿಗಳು, ಎರಡು ಅಳತೆಗಳು. ಕನ್ನಡ ಜನತೆ ಗುರುವಿನ ರಗಳೆಯನ್ನೂ ಶಿಷ್ಯನ ಎರಡು ಕಾವ್ಯಗಳನ್ನೂ ಉಳಿಸಿಕೊಂಡು ಬಂದಿತು. ಈ ವ್ಯಾಜ್ಯದಲ್ಲಿ ಜನತೆಯ ತೀರ್ಪು ಇದೇ ಎಂದು ನಾವು ತಿಳಿಯುತ್ತೇವೆ.

ಪ್ರಾಚೀನರ ಪುಸ್ತಕಭಂಡಾರವು ನಾವು ಊಹಿಸುವುದಕ್ಕಿಂತ ವಿಶಾಲವಾಗಿತ್ತು. ಕ್ರಿ.ಶ. 1025ರಲ್ಲಿ ಎರಡನೆಯ ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿ ಮಳೆಯ ಲಕ್ಷಣ, ನೆಲದೊಳಗಿನ ನೀರನ್ನು ಗುರುತಿಸುವ ಬಗೆ, ಅಡುಗೆ, ವೈದ್ಯ ಎಲ್ಲವೂ ಇವೆ. ಕೀರ್ತಿವರ್ಮನು ದನಕರುಗಳ ರೋಗಗಳನ್ನು ಕುರಿತು ಗೋವೈದ್ಯವನ್ನು ಬರೆದನು. ಮೂರನೆಯ ಮಂಗರಸನು 16ನೆಯ ಶತಮಾನದ ಆರಂಭದಲ್ಲಿ ಅಡುಗೆಯ ವಿಧಾನಗಳನ್ನೇ ಪದ್ಯವಾಗಿಸಿ ಸೂಪಶಾಸ್ತ್ರವನ್ನು ಕೊಟ್ಟನು. ನಿಜಗುಣ ಶಿವಯೋಗಿಗಳ ವಿವೇಕಚಿಂತಾಮಣಿಯು ಅಂದಿನ ವಿಶ್ವಕೋಶವೇ ಸರಿ. ಕಾವ್ಯದ ಪಕ್ಕದಲ್ಲಿ ಗೋವೈದ್ಯವನ್ನು ಇಡಲು ನಾಚದ ಪರಂಪರೆ ನಮ್ಮದು.

ಕಿವಿಯ ಪುಸ್ತಕ, ನಾಲಗೆಯ ಪುಸ್ತಕ

ಇನ್ನು ಒಂದೊಂದೇ ಪ್ರಕಾರವನ್ನು ನೋಡೋಣ. ಹಳೆಯ ಕಾವ್ಯ ಪುರಾಣಗಳು ಮೊದಲಿನಿಂದಲೂ ಕಿವಿಗಾಗಿ ಹುಟ್ಟಿದವು. ನಾವು ಮಠದ ಪಾಠಶಾಲೆಯಲ್ಲಿ ಕಲಿಯುತ್ತಿದ್ದ ಕಾಲದಲ್ಲಿ ಶ್ರಾವಣ ಮಾಸ ಬಂತೆಂದರೆ ದಿನವೂ ಸಂಜೆ ಪುರಾಣ ನಡೆಯುತ್ತಿತ್ತು. ಒಬ್ಬರು ಪದ್ಯವನ್ನು ರಾಗವಾಗಿ ಓದುವರು, ಇನ್ನೊಬ್ಬರು ಅರ್ಥವನ್ನು ಬಿಡಿಸಿ ಹೇಳುವರು. ಸಹಿ ಹಾಕಲು ಬಾರದೆ ಹೆಬ್ಬೆಟ್ಟು ಒತ್ತುವ ರೈತರು ಕಂಬಕ್ಕೊರಗಿ ಕುಳಿತಿರುತ್ತಿದ್ದರು. ಓದುವವರು ಒಂದು ಪದವನ್ನು ನುಂಗಿದರೆ ಆ ಕಂಬದ ಕಡೆಯಿಂದಲೇ ತಿದ್ದುವ ಧ್ವನಿ ಬರುತ್ತಿತ್ತು. ಓದುಬರಹ ಕಲಿಯದವರೂ ಕಾವ್ಯದಲ್ಲಿ ಪರಿಣತರೆಂದು ಕವಿರಾಜಮಾರ್ಗವು 9ನೆಯ ಶತಮಾನದಲ್ಲಿಯೇ ಕನ್ನಡಿಗರನ್ನು ಕುರಿತು ಹೇಳಿದ್ದುದು ಉಬ್ಬಿಸಿದ ಮಾತಲ್ಲವೆಂದು ನಾವು ಅಲ್ಲಿ ಕಂಡುಕೊಂಡೆವು.

ಆ ಶ್ರೋತೃಗಳಿಗೆ ಕಥೆಯ ಕೊನೆ ಮೊದಲೇ ಗೊತ್ತಿತ್ತು. ಅವರು ಬೆಲೆ ಕೊಟ್ಟದ್ದು ನಾದಕ್ಕೆ, ಹೇಳುವ ಹದಕ್ಕೆ, ಹತ್ತು ಜನರೊಡನೆ ಕೂಡಿ ಕೇಳುವ ಸಂತೋಷಕ್ಕೆ. ಅದೇ ಗ್ರಂಥವನ್ನು ಒಬ್ಬನೇ ಕುಳಿತು, ದಿನಪತ್ರಿಕೆಯಂತೆ ಕಣ್ಣಾಡಿಸುವ ತರುಣನು ಅದು ನಿಧಾನವೆಂದು ದೂರಿದರೆ ಗ್ರಂಥದಲ್ಲಿ ದೋಷವಿಲ್ಲ. ಆತನಿಗೆ ಹೇಳಬೇಕಾದ ಮಾತು ಒಂದೇ: ಎರಡು ಪದ್ಯಗಳನ್ನು ಗಟ್ಟಿಯಾಗಿ ಓದು, ಆಮೇಲೆ ಮಾತಾಡು.

ವಚನವು ಇದಕ್ಕಿಂತ ಬೇರೆ. ಅದಕ್ಕೆ ಛಂದಸ್ಸಿನ ಕಟ್ಟಿಲ್ಲ, ಕಥೆಯಿಲ್ಲ, ಸಭೆಯೂ ಬೇಕಿಲ್ಲ. ಕೆಲವೇ ಸಾಲುಗಳಲ್ಲಿ ಮುಗಿಯುವ ಅದನ್ನು ಹೊಲದಲ್ಲಿ, ಅಡುಗೆಮನೆಯಲ್ಲಿ, ಬಸ್ಸಿನಲ್ಲಿ ನಾಲಗೆಯ ಮೇಲೆಯೇ ಒಯ್ಯಬಹುದು. ಕೊನೆಯಲ್ಲಿರುವ ಅಂಕಿತವು ನುಡಿದವರ ಮುದ್ರೆ. ಈ ಮಾತಿಗೆ ನಾನು ಹೊಣೆಯೆಂದು ಒತ್ತಿದ ಮುದ್ರೆಯದು. ಆದ್ದರಿಂದಲೇ ವಚನದ ಓದುಗನು ಪದಗಳ ಸೊಗಸಿಗಿಂತ ಮುಂಚೆ ಹೇಳಿದವರು ಹಾಗೆ ಬದುಕಿದರೇ ಎಂದು ಕೇಳುತ್ತಾನೆ. ನುಡಿ ಮತ್ತು ನಡೆ ಒಂದಾಗಿರುವುದೇ ಅಲ್ಲಿನ ಬೆಲೆ. ವಿಜಾಪುರದ ಫ.ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿ, ಮುಂದೆ ಸ್ವಂತ ಮನೆಯನ್ನು ಮಾರಿ ಮುದ್ರಣಾಲಯವನ್ನು ನಡೆಸಿದುದು ಈ ಬೆಲೆಯನ್ನು ಅರಿತೇ. ಆದರೆ ವಚನಸಂಪುಟವನ್ನು ಕಾದಂಬರಿಯಂತೆ ಒಂದೇ ಬೈಠಕ್ಕಿನಲ್ಲಿ ನೂರು ಪುಟ ಓದಿದರೆ ಯಾರಿಗಾದರೂ ಬೇಸರವೇ ಉಳಿದೀತು. ದಿನಕ್ಕೆ ಒಂದೇ ವಚನ ಸಾಕು, ಅದು ದಿನವಿಡೀ ಜೊತೆಗಿರಬೇಕು.

ಇನ್ನೊಬ್ಬರ ಮನೆಯ ಒಳಕೋಣೆ

ಕಾದಂಬರಿಯನ್ನು ಕಾಲಹರಣವೆನ್ನುವ ಹಿರಿಯರಿಗೆ ನಮ್ಮ ವಿನಮ್ರವಾದ ಪ್ರಶ್ನೆಯೊಂದಿದೆ. ನೆರೆಮನೆಯ ಸೊಸೆ ಹೆರಿಗೆಯಾದ ಮೇಲೆ ಮಂಕಾಗಿ ಕುಳಿತಾಗ, ಹುಚ್ಚೆಂದು ಹೆಸರಿಟ್ಟು ತವರಿಗೆ ಕಳಿಸಿದ ಕಥೆಗಳನ್ನು ತಾವು ಕೇಳಿಲ್ಲವೇ? ಅಂಥ ಹೆಣ್ಣಿನ ಒಳಮನಸ್ಸನ್ನು ತಮಗೆ ಯಾವ ಶಾಸ್ತ್ರಗ್ರಂಥವು ತೋರಿಸಿಕೊಟ್ಟಿತು? ತ್ರಿವೇಣಿಯವರ ಶರಪಂಜರವು ಅದನ್ನು ತೋರಿಸಿತು. ಮನಶ್ಶಾಸ್ತ್ರವನ್ನು ಅಭ್ಯಸಿಸಿದ್ದ ಆ ಲೇಖಕಿ 1963ರಲ್ಲಿ, ಇನ್ನೂ 35 ತುಂಬುವ ವಯಸ್ಸಿನಲ್ಲಿಯೇ ಅಗಲಿದರು. ಅವರ ನಾಯಕಿ ಕಾವೇರಿಯು ಮಾನಸಿಕ ಕಾಯಿಲೆಯಿಂದ ಗುಣವಾಗಿ ಮನೆಗೆ ಮರಳುತ್ತಾಳೆ. ಆದರೆ ಅವಳಿಗೆ ಗುಣವಾಗಿದೆಯೆಂದು ನಂಬಲು ಮನೆಯವರೂ ಊರವರೂ ಸಿದ್ಧರಿಲ್ಲ. ಅದು ಚಲನಚಿತ್ರವಾದಾಗ ಊರೂರುಗಳಲ್ಲಿ ಹೆಣ್ಣುಮಕ್ಕಳು ಕಣ್ಣೀರು ಹಾಕಿ ನೋಡಿದರು. ಅದು ಬರಿಯ ಕಣ್ಣೀರಾಗಿರಲಿಲ್ಲ. ತಮ್ಮ ಮನೆಯ ಒಳಗೆ ಯಾರೂ ಹೆಸರಿಡದಿದ್ದ ಸಂಕಟಕ್ಕೆ ಹೆಸರು ಸಿಕ್ಕ ನೆಮ್ಮದಿಯೂ ಅದರಲ್ಲಿತ್ತು.

ಕಾದಂಬರಿಯಲ್ಲಿ ಓದುಗರು ಬೆಲೆ ಕೊಡುವುದು ಇದಕ್ಕೇ. ತಾವು ಎಂದೂ ಕಾಲಿಡಲಾಗದ ಮನೆಯ ಒಳಕೋಣೆಗೆ ಅದು ಅವರನ್ನು ಕರೆದೊಯ್ಯುತ್ತದೆ. ಶಿವರಾಮ ಕಾರಂತರ ಮರಳಿ ಮಣ್ಣಿಗೆ ಕೃತಿಯನ್ನು ಓದಿದ ಬಯಲುಸೀಮೆಯವನು ಕಡಲತೀರದ ಮೂರು ತಲೆಮಾರುಗಳೊಡನೆ ಬಾಳಿ ಬರುತ್ತಾನೆ. ಕುವೆಂಪು ಅವರ ಮಲೆಗಳಲ್ಲಿ ಮದುಮಗಳು ಓದಿದವನಿಗೆ ಮಲೆನಾಡಿನ ಕಾಡಿನಲ್ಲಿ ದಾರಿ ತಪ್ಪಿದ ಅನುಭವವಾಗುತ್ತದೆ. ಅಲ್ಲಿ ಒಡೆಯನಿಗೆಷ್ಟು ಜಾಗವೋ ಆಳಿಗೂ ಅಷ್ಟೇ ಜಾಗ. ಉಪದೇಶ ಮಾಡುವ ಕೆಲಸವನ್ನು ನಾವು ಕಾದಂಬರಿಗೆ ಒಪ್ಪಿಸಬಾರದು. ಅದರ ಕೆಲಸ ಪರಿಚಯ ಮಾಡಿಸುವುದು. ಪರಿಚಯವಾದ ಮೇಲೆ ದಯೆ ತಾನಾಗಿಯೇ ಬಂದೀತು.

ಆತ್ಮಕಥೆಗೆ ಮತ್ತೊಂದು ಅಳತೆ. ಅಲ್ಲಿ ಕಲ್ಪನೆಗೆ ಎಡೆಯಿಲ್ಲ, ಅಲಂಕಾರಕ್ಕೆ ಬೆಲೆಯಿಲ್ಲ. ಅರವಿಂದ ಮಾಲಗತ್ತಿಯವರ ಗೌರ್ಮೆಂಟ್ ಬ್ರಾಹ್ಮಣ, ಸಿದ್ಧಲಿಂಗಯ್ಯನವರ ಊರುಕೇರಿ ಇವುಗಳನ್ನು ಓದುವಾಗ ನಮ್ಮ ಕೇರಿಯ ಆಚೆಗಿದ್ದ ಕೇರಿಯಲ್ಲಿ ಏನು ನಡೆಯುತ್ತಿತ್ತು ಎಂಬುದು ಅದನ್ನು ಉಂಡವರ ಬಾಯಿಂದಲೇ ತಿಳಿಯುತ್ತದೆ. ಸಮತೆಯನ್ನು ಸಾರಿದ ಶರಣರ ಹೆಸರನ್ನು ದಿನವೂ ಹೇಳುವ ನಮ್ಮ ಮನೆಗಳಲ್ಲಿ ಇಂಥ ಪುಸ್ತಕಗಳಿಗೆ ಜಾಗವಿರಲೇಬೇಕು. ಅವು ಓದುಗನಿಗೆ ಹಿತವಾಗಿರಬೇಕೆಂಬ ನಿಯಮವಿಲ್ಲ, ನಿಜವಾಗಿರಬೇಕು.

ಗಂಟು ಬಿಚ್ಚುವ ಸುಖ

ಪತ್ತೇದಾರಿ ಕಾದಂಬರಿಯನ್ನು ಹೆಸರಿಸಿದರೆ ಕೆಲವರು ಮೂಗು ಮುರಿದಾರು. ಮುರಿಯಲಿ. ಎನ್. ನರಸಿಂಹಯ್ಯನವರು 500ಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. ಹೆಚ್ಚು ಶಾಲೆ ಕಲಿಯದ ಆ ಲೇಖಕರ ಪುಸ್ತಕಗಳನ್ನು ಬಾಡಿಗೆಗೆ ತಂದು ಓದಿದ ಹುಡುಗರು ತಡೆಯಿಲ್ಲದೆ ಕನ್ನಡ ಓದುವುದನ್ನು ಅವುಗಳಿಂದಲೇ ಕಲಿತರು. ಅದಕ್ಕೂ ಹಿಂದಿನ ಕಾಲದಲ್ಲಿ ಗಳಗನಾಥರು ತಮ್ಮ ಐತಿಹಾಸಿಕ ಕಾದಂಬರಿಗಳನ್ನು ತಾವೇ ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ಇವರೆಲ್ಲ ಓದುವ ಹಸಿವನ್ನು ಹುಟ್ಟಿಸಿದವರು. ಹಸಿವು ಹುಟ್ಟಿದ ಮೇಲೆ ಮಾತ್ರ ಪಥ್ಯದ ಮಾತು.

ಪತ್ತೇದಾರಿಯ ಓದುಗನು ಬಯಸುವುದು ವೇಗವನ್ನಷ್ಟೇ ಎಂದು ತಿಳಿಯಬಾರದು. ಆತನಿಗೆ ನ್ಯಾಯವೂ ಬೇಕು. ಗಂಟು ಬಿಗಿಯಾಗಿರಬೇಕು, ಅದನ್ನು ಬಿಚ್ಚುವ ಎಳೆ ಮಾತ್ರ ಓದುಗನ ಕಣ್ಣ ಮುಂದೆಯೇ ಇರಬೇಕು. ಕೊನೆಯ ಪುಟದಲ್ಲಿ ಅಪರಾಧಿ ಸಿಕ್ಕಿಬಿದ್ದಾಗ, ಅಯ್ಯೋ, ಇದನ್ನು ನಾನು ಮೊದಲೇ ಗಮನಿಸಬೇಕಾಗಿತ್ತಲ್ಲ ಎಂದು ಓದುಗನು ಹಣೆ ಬಡಿದುಕೊಂಡರೆ ಪುಸ್ತಕವು ಗೆದ್ದಂತೆ. ಹಾಗಲ್ಲದೆ ಹಿಂದೆ ಎಲ್ಲಿಯೂ ಬಾರದ ವ್ಯಕ್ತಿಯೊಬ್ಬನನ್ನು ಕೊನೆಗೆ ಎಳೆದು ತಂದು ಇವನೇ ಕಳ್ಳನೆಂದರೆ ಓದುಗನು ತನಗೆ ವಂಚನೆಯಾಯಿತೆಂದು ಸಿಟ್ಟಾಗುತ್ತಾನೆ. ಆ ಸಿಟ್ಟು ಧರ್ಮಬದ್ಧವಾದುದು.

ಅರಿವಿನ ಪುಸ್ತಕ, ಅಡುಗೆಮನೆಯ ಪುಸ್ತಕ

ಜ್ಞಾನವಿಜ್ಞಾನದ ಪುಸ್ತಕಗಳಲ್ಲಿ ಓದುಗರು ಎರಡನ್ನು ಹುಡುಕುತ್ತಾರೆ: ನಿಖರತೆ ಮತ್ತು ಬೆರಗು. ಸಸ್ಯಶಾಸ್ತ್ರಜ್ಞರಾದ ಬಿ.ಜಿ.ಎಲ್. ಸ್ವಾಮಿಯವರ ಹಸುರು ಹೊನ್ನು ಇದಕ್ಕೆ ಉತ್ತಮ ನಿದರ್ಶನ. ವಿದ್ಯಾರ್ಥಿಗಳೊಡನೆ ಕಾಡುಮೇಡು ಅಲೆದು ಗಿಡಮರಗಳನ್ನು ಗುರುತಿಸಿದ ಕಥನವದು. ಗಿಡದ ಲಕ್ಷಣವನ್ನು ಹೇಳುವಲ್ಲಿ ಎಳ್ಳಷ್ಟೂ ಸಡಿಲವಿಲ್ಲ, ಆದರೂ ಪುಟಪುಟಕ್ಕೆ ನಗು. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಅದನ್ನು ಓದಿದವನು ಮರುದಿನ ಬೇಲಿಯ ಮೇಲಿನ ಬಳ್ಳಿಯನ್ನು ನಿಂತು ನೋಡುತ್ತಾನೆ. ವಿಜ್ಞಾನದ ಪುಸ್ತಕಕ್ಕೆ ಇದಕ್ಕಿಂತ ದೊಡ್ಡ ಪ್ರಶಸ್ತಿಯಿಲ್ಲ.

ನಿಘಂಟನ್ನು ಯಾರೂ ಮೊದಲಿನಿಂದ ಕೊನೆಯವರೆಗೆ ಓದುವುದಿಲ್ಲ. ಕಿಟ್ಟೆಲ್ ಅವರು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿದ ಕೋಶದಲ್ಲಿ ಸುಮಾರು 70,000 ಪದಗಳಿವೆ. ಅದನ್ನು ತೆರೆಯುವವನಿಗೆ ಆ ಹೊತ್ತಿಗೆ ಬೇಕಾದುದು ಅವುಗಳಲ್ಲಿ ಒಂದು. ಆ ಒಂದು ಪದದ ಅರ್ಥವನ್ನು ನಂಬಬಹುದೆಂಬುದೇ ಇಡೀ ಗ್ರಂಥದ ಬೆಲೆ.

ಅಡುಗೆಯ ಪುಸ್ತಕದ ವಿಮರ್ಶಕರು ಯಾರು? ಬಾಣಲೆಯ ಮುಂದೆ ನಿಂತ ತಾಯಂದಿರೇ. ಹೇಳಿದ ಅಳತೆಯಲ್ಲಿ ಹಿಟ್ಟು ಕಲಸಿದರೆ ಕಡುಬು ಒಡೆಯಬಾರದು, ಅಷ್ಟೇ. ಬಾಣಂತನ, ಶಿಶುಪಾಲನೆಯ ಪುಸ್ತಕಗಳಲ್ಲಿಯಂತೂ ಈ ನಂಬಿಕೆಯು ಜೀವದ ಪ್ರಶ್ನೆಯಾಗುತ್ತದೆ. ವೈದ್ಯೆಯಾಗಿದ್ದ ಅನುಪಮಾ ನಿರಂಜನರ ತಾಯಿ-ಮಗು ಪುಸ್ತಕವನ್ನು ಮಗಳು ಬಸುರಿಯಾದಾಗ ಕೊಂಡು ತಂದುಕೊಟ್ಟ ತಾಯಂದಿರು ಅನೇಕರು. ಬಾಯಿಬಿಟ್ಟು ಕೇಳಲಾಗದ ಪ್ರಶ್ನೆಗಳಿಗೆ ತಿಳಿದವರೊಬ್ಬರು ಕನ್ನಡದಲ್ಲಿ, ಮನೆಯ ಹಿರಿಯಳಂತೆ ಉತ್ತರ ಹೇಳಿದುದಕ್ಕೆ ಅವರು ಬೆಲೆ ಕೊಟ್ಟರು. ಸಾಹಿತ್ಯ ಚರಿತ್ರೆಗಳು ಇಂಥ ಪುಸ್ತಕಗಳಿಗೆ ಒಂದು ಸಾಲನ್ನೂ ಕೊಡದಿರಬಹುದು. ಮನೆಗಳ ಚರಿತ್ರೆಯಲ್ಲಿ ಅವುಗಳ ಸ್ಥಾನ ದೊಡ್ಡದು.

ಎಲ್ಲಕ್ಕೂ ಸಮಾನವಾದುದು

ಹಾಗಾದರೆ ಎಲ್ಲ ಪುಸ್ತಕಗಳೂ ಸಮಾನವೇ, ಹೆಚ್ಚು ಕಡಿಮೆಯೆಂಬುದೇ ಇಲ್ಲವೇ ಎಂದು ಸುಜ್ಞರು ಕೇಳಬಹುದು. ಖಂಡಿತ ಇದೆ. ಅದರದರ ಅಳತೆಯನ್ನು ಅದರದರ ಮೇಲೆ ಇಟ್ಟು ನೋಡಿದಾಗಲೇ ಹುಳುಕು ಸ್ಪಷ್ಟವಾಗಿ ಕಾಣುವುದು. ಪ್ರತಿಯೊಂದು ಬಗೆಯ ಪುಸ್ತಕವೂ ತನ್ನ ಓದುಗನಿಗೆ ಒಂದು ಮಾತನ್ನು ಕೊಟ್ಟೇ ಕೈಗೆ ಬರುತ್ತದೆ. ನಾದವನ್ನು ಕೊಡುತ್ತೇನೆಂದು ಕಾವ್ಯ ಹೇಳುತ್ತದೆ, ಬಾಳಿದ್ದನ್ನೇ ನುಡಿಯುತ್ತೇನೆಂದು ವಚನ, ಇನ್ನೊಂದು ಜೀವದ ಒಳಗನ್ನು ತೋರಿಸುತ್ತೇನೆಂದು ಕಾದಂಬರಿ, ಎಳೆಯನ್ನು ಮುಚ್ಚಿಡುವುದಿಲ್ಲವೆಂದು ಪತ್ತೇದಾರಿ, ಪರೀಕ್ಷಿಸಿದ್ದನ್ನೇ ಹೇಳುತ್ತೇನೆಂದು ವಿಜ್ಞಾನ. ಆ ಮಾತನ್ನು ಉಳಿಸಿಕೊಂಡ ಪುಸ್ತಕವು ಒಳ್ಳೆಯದು, ಮುರಿದದ್ದು ಕೆಟ್ಟದ್ದು. ಎಲ್ಲದರ ತಳದಲ್ಲಿ ಸಮಾನವಾಗಿರುವುದು ಕೊಟ್ಟ ಮಾತನ್ನು ನಡೆಸುವ ಈ ಪ್ರಾಮಾಣಿಕತೆಯೇ ಎಂದು ನಮಗೆ ತೋರುತ್ತದೆ.

ಈ ನ್ಯಾಯಸ್ಥಾನದಲ್ಲಿ ಯಾವ ಪ್ರಕಾರಕ್ಕೂ ವಿನಾಯಿತಿಯಿಲ್ಲ. ದಾನಿಗಳನ್ನು ಮೆಚ್ಚಿಸಲು ಉಬ್ಬಿಸಿ ಬರೆದ ಪುರಾಣವು, ಎಷ್ಟೇ ದೇವರ ಹೆಸರನ್ನು ಹೇಳಲಿ, ಮಾತು ಮುರಿದ ಪುಸ್ತಕವೇ. ಹಿಂದಿನವರ ಅಂಕಿತವನ್ನು ತಗಲಿಸಿ ಯಾರೋ ಸೇರಿಸಿದ ವಚನವೂ ಅಂಥದೇ. ಒಂದು ಬೇರಿನಿಂದ ನೂರು ರೋಗಗಳು ವಾಸಿಯಾಗುತ್ತವೆನ್ನುವ ಮನೆಮದ್ದಿನ ಪುಸ್ತಕವಂತೂ ಅಪಾಯಕಾರಿ. ಅದಕ್ಕೆ ಹೋಲಿಸಿದರೆ, ಎರಡು ಗಂಟೆಯ ಸಂತೋಷವನ್ನು ಕೊಡುತ್ತೇನೆಂದು ಹೇಳಿ ಅಷ್ಟನ್ನು ಕೊಟ್ಟ ಪತ್ತೇದಾರಿ ಕಥೆಯು ಎಷ್ಟೋ ಮೇಲು.

ಗ್ರಂಥಾಲಯ ಶಾಸ್ತ್ರದ ಆಚಾರ್ಯರಾದ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಐದು ಸೂತ್ರಗಳನ್ನು ಕೊಟ್ಟರು. ಪ್ರತಿಯೊಬ್ಬ ಓದುಗನಿಗೂ ಆತನದೇ ಆದ ಪುಸ್ತಕವುಂಟು, ಪ್ರತಿಯೊಂದು ಪುಸ್ತಕಕ್ಕೂ ಅದರದೇ ಆದ ಓದುಗನುಂಟು ಎಂಬ ಆಶಯ ಅವುಗಳಲ್ಲಿ ಎರಡರದು. ಕೊನೆಗಾಲವನ್ನು ಬೆಂಗಳೂರಿನಲ್ಲಿ ಕಳೆದ ಆ ಮಹನೀಯರ ಮಾತು ಗ್ರಂಥಾಲಯಕ್ಕೆ ಹೇಗೋ ಮನೆಯ ಕಪಾಟಿಗೂ ಹಾಗೆಯೇ ಸಲ್ಲುತ್ತದೆ.

ಇಂದು ಮನೆಯ ಹಿರಿಯರ ದೂರು ಒಂದೇ: ಮಕ್ಕಳು ಮೊಬೈಲನ್ನು ಬಿಟ್ಟು ಪುಸ್ತಕವನ್ನು ಮುಟ್ಟುವುದಿಲ್ಲ. ಮುಟ್ಟಿದ ದಿನ ನಾವು ಏನು ಹೇಳಿದೆವು ಎಂಬುದನ್ನೂ ವಿಚಾರಿಸಬೇಕು. ಹುಲಿಬೇಟೆಯ ಕಥೆಯನ್ನು ಹಿಡಿದ ಮಗುವಿಗೆ, ಇದಲ್ಲ, ಅದನ್ನು ಓದು ಎಂದು ಕಸಿದುಕೊಂಡರೆ ಕೈಯಿಂದ ಜಾರುವುದು ಎರಡೂ ಪುಸ್ತಕಗಳೇ. ಅದರ ಬದಲು, ಇದರಲ್ಲಿ ನಿನಗೆ ಹಿಡಿಸಿದ್ದೇನು ಎಂದು ಕೇಳಿ ನೋಡಿರಿ. ಆ ಉತ್ತರವೇ ಮುಂದಿನ ಪುಸ್ತಕಕ್ಕೆ ದಾರಿ ತೋರುತ್ತದೆ. ಕುತೂಹಲವೆಂದರೆ ಕುತೂಹಲದ ಇನ್ನೊಂದು ಪುಸ್ತಕ, ಕಾಡೆಂದರೆ ಕಾಡಿನ ಇನ್ನೊಂದು ಪುಸ್ತಕ.

ಅಂತೆಯೇ ಮನೆ ಪಾಲಾಗುವಾಗ, ಊರು ಬಿಟ್ಟು ನಗರ ಸೇರುವಾಗ, ಹಿರಿಯರ ಪುಸ್ತಕಗಳನ್ನು ತೂಕಕ್ಕೆ ಹಾಕುವ ಮುನ್ನ ಒಂದು ದಿನ ಅವುಗಳ ಮುಂದೆ ಕುಳಿತುಕೊಳ್ಳಿರಿ. ಯಾವ ಪುಟದ ಮೂಲೆ ಮಡಿಚಿದೆ, ಯಾವ ಸಾಲಿನ ಕೆಳಗೆ ಗೆರೆಯಿದೆ, ಯಾವ ಹಾಳೆಗೆ ಎಣ್ಣೆಯ ಕಲೆ ಹತ್ತಿದೆ ಎಂದು ನೋಡಿರಿ. ಅವರು ಯಾವುದಕ್ಕೆ ಬೆಲೆ ಕೊಟ್ಟು ಬಾಳಿದರೆಂಬುದು ಅಲ್ಲಿ ಬರೆದಿಟ್ಟಂತೆ ಕಾಣುತ್ತದೆ. ನಿಮಗೆ ಬೇಡವಾದುದನ್ನು ಊರಿನ ಗ್ರಂಥಾಲಯಕ್ಕೋ ಶಾಲೆಗೋ ಮಠಕ್ಕೋ ಕೊಟ್ಟರೆ ಅದು ತನ್ನ ಓದುಗನಿಗಾಗಿ ಅಲ್ಲಿ ಕಾದೀತು. ಷಟ್ಪದಿಯ ಪಕ್ಕದಲ್ಲಿ ಪತ್ತೇದಾರಿ, ವಚನದ ಪಕ್ಕದಲ್ಲಿ ಅಡುಗೆಯ ಪುಸ್ತಕ ಇರುವ ಕಪಾಟುಗಳು ನಮ್ಮ ಮನೆಗಳಲ್ಲಿ ಹೆಚ್ಚಲಿ, ಅವುಗಳ ಬಾಗಿಲಿಗೆ ಬೀಗವಿಲ್ಲದಿರಲಿ ಎಂದು ಹಾರೈಸುತ್ತೇವೆ.